ಮೂರನೇ ಮಹಡಿಯ ಒಂದೇ ನಲ್ಲಿ

ಇದು ನಡೆದದ್ದು ನಡೆದ ಹಾಗೆಯೇ. ನಂಬಿಕೆ ಬಾರದವರು ನಮ್ಮ ಆಫೀಸಿಗೆ ಬಂದು ಶಿವಶಂಕರ್ ಸಾರ್ ಅವರನ್ನೇ ಕೇಳಬಹುದು. ಫೋನಿನಲ್ಲಿ ಮಾತ್ರ ಕೇಳಬೇಡಿ; ಅವರ ಧ್ವನಿಯಲ್ಲಿ ‘ಹೌದಪ್ಪ, ನಿಜ’ ಎನ್ನುವವನು ನಾನೇ ಆಗಿರಬಹುದು.

ದೊಡ್ಡನೆಕ್ಕುಂದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿ ನಮ್ಮದು. ಮೇಲ್ ಸರ್ವರ್ ನೋಡಿಕೊಳ್ಳುವವಳು ಮಂಜುಶ್ರೀ. ಮೇಲ್ ಬಂದಿಲ್ಲವೆಂದು ಬೈಯುವವರ ಫೋನ್ ಎತ್ತುವವನು ನಾನು. ಖಾತೆಗಳು ಎರಡು ಸಾವಿರದ ಮುನ್ನೂರು. ಸರ್ವರ್ ಅಂದಮೇಲೆ ಸರ್ವರಿಗೂ ಸಿಗಬೇಕು. ನಮ್ಮದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಯಾರಿಗೂ ಸಿಗುತ್ತಿರಲಿಲ್ಲ. ಎಲ್ಲರೂ ಒಟ್ಟಿಗೆ ಮೇಲ್ ತೆರೆದರೆ ಹಳೆಯ ಹಾರ್ಡ್ ಡಿಸ್ಕು ಏದುಸಿರು ಬಿಡುತ್ತಿತ್ತು. ಹೊಸ ಸರ್ವರ್ ಬಂದಮೇಲೂ ಇದೇ ಹಾಡಾದರೆ ಮೇಲ್ ಕೆಲಸವನ್ನು ಹೊರಗಿನವರಿಗೆ ವಹಿಸುವುದಾಗಿ ಎಂ.ಡಿ. ಹೇಳಿಬಿಟ್ಟಿದ್ದರು. ಎಂದರೆ ಮಂಜುಶ್ರೀಯ ಕುರ್ಚಿಗೇ ಸಂಚಕಾರ.

ಹೊಸ ಸರ್ವರಿಗೆ ಅವಳು ಕೇಳಿದ್ದು ನಾಲ್ಕು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯೇ ಇಲ್ಲದ ಪುಟ್ಟ ಡಿಸ್ಕು. ಸಹಿ ಹಾಕಬೇಕಾದ ಖರೀದಿ ಮ್ಯಾನೇಜರ್ ಶಿವಶಂಕರ್ ಸಾರ್ ಪಟ್ಟು ಹಿಡಿದದ್ದು ಎರಡು ಭಾರೀ ಹಾರ್ಡ್ ಡಿಸ್ಕಿಗೆ.

“ಅದೇ ದುಡ್ಡಿಗೆ ಮೂರು ಪಟ್ಟು ಜಾಗ ಕೊಡ್ತಾರಮ್ಮ. ನೀನು ನೋಡಿದ್ರೆ ಬೆಂಕಿಪೊಟ್ಟಣ ತೋರಿಸ್ತಿದ್ದೀಯ.”

“ಜಾಗ ಈಗ್ಲೂ ಅರ್ಧ ಖಾಲಿ ಬಿದ್ದಿದೆ ಸಾರ್. ನಮ್ಮಲ್ಲಿ ಒಂದೊಂದು ಮೇಲೂ ಒಂದೊಂದು ಪುಟಾಣಿ ಫೈಲು. ಹಾರ್ಡ್ ಡಿಸ್ಕಲ್ಲಿ ಒಂದು ಮುಳ್ಳು ತಟ್ಟೆ ಮೇಲೆ ಓಡಾಡ್ಕೊಂಡು ಅದನ್ನ ಹುಡುಕ್ಬೇಕು. ಎರಡು ಸಾವಿರ ಜನ ಒಂದೇ ಸಲ ಕೇಳಿದ್ರೆ ಅದು ಎಲ್ಲೀಂತ ಓಡುತ್ತೆ? ಎಸ್‌ಎಸ್‌ಡೀಲಿ ಮುಳ್ಳೇ ಇಲ್ಲ.”

“ಮುಳ್ಳು ಗಿಳ್ಳು ನಂಗೆ ಗೊತ್ತಾಗಲ್ಲ. ದೊಡ್ಡದು ದೊಡ್ಡದೇ. ನಾಲ್ಕು ಗಂಟೆಗೆ ಆರ್ಡರ್ ಹೋಗುತ್ತೆ.”

ಆಗ ಮೂರೂ ಕಾಲು. ಮಂಜುಶ್ರೀ ನನ್ನ ಪಕ್ಕ ಬಂದು ಕೂತಳು. “ನನ್ ಕಥೆ ಮುಗೀತು ಗುರು. ಕಾರಿಡಾರಲ್ಲಿ ನೀರು ಹಿಡ್ಕೊಂಡು ಬಾ, ಗಂಟಲು ಒಣಗಿದೆ.”

ಅವಳ ಬಾಟಲಿ ಹಿಡಿದು ಹೊರಟವನು ನಲ್ಲಿಯ ಮುಂದೆ ನಿಂತೆ. ತಾರಸಿಯ ಮೇಲೆ ಇಪ್ಪತ್ತು ಸಾವಿರ ಲೀಟರಿನ ಟ್ಯಾಂಕು. ನಮ್ಮ ಮಹಡಿಗೆ ಕುಡಿಯುವ ನೀರಿನ ನಲ್ಲಿ ಇದೊಂದೇ, ಅದೂ ಬೆರಳು ಗಾತ್ರದ್ದು. ಬಾಟಲಿಯನ್ನು ಖಾಲಿಯೇ ಇಟ್ಟುಕೊಂಡು ಕೆಳಗಿಳಿದೆ.

ಕೆಳಗೆ ಕಟ್ಟಡದ ಯಜಮಾನರು ಚಿಕ್ಕಬೈರಪ್ಪನವರು ಮೈಕಿನ ಮುಂದೆ ಕೂತಿದ್ದರು. ಹಿಂದೆ ಅಲ್ಲೇ ರಾಗಿ ಬೆಳೆದವರು. ಈಗ ಪ್ರತಿ ಮಹಡಿಗೂ ಸ್ಪೀಕರ್ ಹಾಕಿಸಿ, ಗಾಡಿ ಅಡ್ಡ ನಿಲ್ಲಿಸಿದವರನ್ನು ಕೂತಲ್ಲಿಂದಲೇ ಬೈಯುತ್ತಾರೆ.

“ಯಜಮಾನ್ರೇ, ಎರಡು ನಿಮಿಷ ಮೈಕ್ ಕೊಡಿ. ನಿಮ್ಮ ಥರಾನೇ ಮಾತಾಡ್ತೀನಿ.”

“ನನ್ನಂಗಾ? ಮಾಡು, ನೋಡಾಣ.”

ಗಂಟಲು ಒರಟು ಮಾಡಿಕೊಂಡು ಶುರು ಮಾಡಿದೆ. “ಎಲ್ಲಾರೂ ಕೇಳಿಸ್ಕಳಿ. ಟ್ಯಾಂಕ್ ತೊಳೀತೀವಿ. ಇನ್ ಅತ್ತು ನಿಮಿಸಕ್ಕೆ ಮೂರನೇ ಮಾಡೀಲಿ ನೀರು ನಿಲ್ತದೆ. ಇಡ್ಕಳೋರು ಈಗ್ಲೇ ಇಡ್ಕಳಿ.”

ಈ ಊರಿನಲ್ಲಿ ಬೆಂಕಿಯ ಗಂಟೆ ಹೊಡೆದರೆ ಜನ ಟೀ ಮುಗಿಸಿ ಏಳುತ್ತಾರೆ. ನೀರು ನಿಲ್ಲುತ್ತದೆ ಎಂದರೆ ಮಾತೇ ಬೇರೆ. ನಾನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಕಾರಿಡಾರಿನಲ್ಲಿ ಎಂಬತ್ತು ಜನ. ಬಾಟಲಿ, ಜಗ್ಗು, ಯಾರದೋ ತೊಳೆಯದ ಟಿಫಿನ್ ಡಬ್ಬಿ. ಅಕೌಂಟ್ಸಿನ ಯಮುನಾ ಮೇಡಂ ಹೂದಾನಿಯ ಹೂವು ಕಿತ್ತೆಸೆದು ಬಂದಿದ್ದರು. ಸಾಲಿನ ಬಾಲದಲ್ಲಿ, ಎರಡು ಬಾಟಲಿ ಒಂದು ಫ್ಲಾಸ್ಕ್ ಅಪ್ಪಿಕೊಂಡು, ಶಿವಶಂಕರ್ ಸಾರ್.

ನಾನು ಮಂಜುಶ್ರೀಯ ಕಿವಿಯಲ್ಲಿ ಎರಡು ಮಾತು ಹೇಳಿದೆ. ಅವಳು ಆರ್ಡರ್ ಹಾಳೆ ಹಿಡಿದು ಅವರ ಪಕ್ಕ ಹೋಗಿ ನಿಂತಳು.

“ಸಾರ್, ಮೇಲೆ ಟ್ಯಾಂಕಲ್ಲಿ ನೀರು ಕಮ್ಮಿ ಇದ್ಯಾ?”

“ಕಮ್ಮಿ ಎಲ್ಲಮ್ಮ, ಇಪ್ಪತ್ತು ಸಾವಿರ ಲೀಟರು. ಬೆಳಿಗ್ಗೆ ತಾನೇ ಟ್ಯಾಂಕರ್ ಬಂದಿತ್ತು.”

“ಮತ್ತೆ ನಿಮಗ್ಯಾಕೆ ಇನ್ನೂ ಸಿಕ್ಕಿಲ್ಲ?”

“ಎಷ್ಟಿದ್ರೇನು, ನಲ್ಲಿ ಒಂದೇ ಅಲ್ವಾ. ಎಲ್ಲಾ ಒಂದೇ ಸಲ ಬಂದು ನಿಂತ್ರೆ…”

ಅಲ್ಲಿಗೆ ನಿಲ್ಲಿಸಿದರು. ಟ್ಯಾಂಕಿನ ದಿಕ್ಕಿಗೆ ಚಾವಣಿ ನೋಡಿದರು, ಸಾಲು ನೋಡಿದರು, ಅವಳ ಕೈಯ ಹಾಳೆ ನೋಡಿದರು.

“ಸೋಮವಾರ ಒಂಬತ್ತು ಗಂಟೆ,” ಎಂದರು ಮೆಲ್ಲಗೆ.

“ಹೂಂ ಸಾರ್. ಎಂಬತ್ತಲ್ಲ, ಎರಡು ಸಾವಿರದ ಮುನ್ನೂರು.”

ಅಷ್ಟರಲ್ಲಿ ಸ್ಪೀಕರ್ ಕೆಮ್ಮಿತು. ಅಸಲಿ ಕೆಮ್ಮು. “ಲೇ, ಆಗ್ಲೇ ಮಾತಾಡಿದ್ದು ನಾನಲ್ಲ ಕಣ್ರಪ್ಪಾ. ಪೋನ್ ಎತ್ತೋ ಉಡ್ಗ. ದನಿ ಸರಿಯಾಗೇ ಐತೆ, ಕೆಮ್ಮೇ ಬರಾಕಿಲ್ಲ ಅವ್ನಿಗೆ. ನೀರೆಲ್ಲೂ ಓಗಲ್ಲ, ಎಲ್ಲಾ ಓಗಿ ಕೆಲ್ಸ ನೋಡ್ಕಳಿ.”

ಎಂಬತ್ತು ತಲೆ ನನ್ನ ಕಡೆ ತಿರುಗಿದವು. ಯಮುನಾ ಮೇಡಂ ಹೂದಾನಿ ಎತ್ತಿದ ರೀತಿ ನನಗೆ ಹಿಡಿಸಲಿಲ್ಲ.

ಶಿವಶಂಕರ್ ಸಾರ್ ಮುಖ ಕೆಂಪಾಯಿತು. ಬಾಟಲಿಗಳನ್ನು ಕಂಕುಳಿಗೆ ಸಿಕ್ಕಿಸಿ, ಫ್ಲಾಸ್ಕನ್ನು ಮೇಜು ಮಾಡಿಕೊಂಡು, ಹಾಳೆಯಲ್ಲಿ ಹಾರ್ಡ್ ಡಿಸ್ಕಿನ ಸಾಲು ಹೊಡೆದುಹಾಕಿ ಎಸ್‌ಎಸ್‌ಡಿಯ ಮುಂದೆ ಸಹಿ ಎಳೆದರು. ಪೆನ್ನಿಗೆ ಮುಚ್ಚಳ ಹಾಕುವಾಗ ಹೊಟ್ಟೆ ಅಲುಗಲು ಶುರುವಾಯಿತು. ಆಮೇಲೆ ನಕ್ಕರು ನೋಡಿ, ಸಾಲಿಗೆ ಸಾಲೇ ನಗುತ್ತಿದ್ದರೂ ಅವರೊಬ್ಬರದೇ ಕೇಳಿಸುವಷ್ಟು.

ಜನ ಚದುರಿದರು. ಅವರು ಕಣ್ಣೊರೆಸಿಕೊಳ್ಳುತ್ತಾ, ಇನ್ನೂ ಗಹಗಹಿಸುತ್ತಾ, ನಲ್ಲಿಯ ಕೆಳಗೆ ಮೊದಲ ಬಾಟಲಿ ಹಿಡಿದರು.

“ನೀರು ನಿಲ್ಲಲ್ವಂತೆ ಸಾರ್,” ಎಂದೆ.

“ಅದನ್ನ ಹೇಳಿದ್ದು ಅವರೋ ನೀನೋ, ಯಾರಿಗೆ ಗೊತ್ತಪ್ಪ,” ಎಂದು ಫ್ಲಾಸ್ಕಿನ ಮುಚ್ಚಳ ತೆಗೆದು ಮತ್ತೆ ನಗತೊಡಗಿದರು.