ಕಾಗದದ ಅಳಿಯ

ಕೊರಗಪ್ಪ ಪೂಜಾರಿಯ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವನ ಹೆಸರು ಸುಕೇಶ್. ಅವನ ಅಪ್ಪ ಅಮ್ಮ ಏನೇ ಹೆಸರಿಟ್ಟಿರಲಿ, ಇಲ್ಲಿ ಅವನು ಸುಕೇಶ್. ಮೊದಲು ನಿಂತವನು ನಿಜಕ್ಕೂ ಸುಕೇಶನೇ, ಕಾರ್ಕಳ ಕಡೆಯವನು. ಅವನು ಕೆಲಸ ಬಿಟ್ಟು ದುಬೈಗೆ ಹಾರಿದ ಮೇಲೂ ಫೋರ್ಟಿನ ಆಫೀಸುಗಳಿಂದ ಮಧ್ಯಾಹ್ನ ನುಗ್ಗುವ ಗಿರಾಕಿಗಳು "ಸುಕೇಶ್, ಏಕ್ ಮಸಾಲಾ" ಎಂದೇ ಕೂಗುತ್ತಿದ್ದರು. ಅಷ್ಟು ಬಾಯಿಗಳನ್ನು ತಿದ್ದುವುದಕ್ಕಿಂತ ಒಬ್ಬನ ಹೆಸರು ತಿದ್ದುವುದು ಸುಲಭ.

ಹಾಗೆ ನೇಪಾಳದ ಅಛಾಮ್ ಎಂಬ ಗುಡ್ಡದ ಜಿಲ್ಲೆಯಿಂದ ಬಂದ ನರ ಬಹಾದುರ್ ಬೋಹರಾ ವಾರದೊಳಗೆ ಸುಕೇಶ್ ಆದ. ಅವನಿಗೂ ಬೇಜಾರಿರಲಿಲ್ಲ. "ದೋಸೆ ಹೊಟ್ಟೆಗೆ ಹೋದ ಮೇಲೆ ಯಾರು ಹೊಯ್ದದ್ದು ಅಂತ ಯಾರು ಕೇಳ್ತಾರೆ ಅಣ್ಣ?" ಎಂದು ನಗುತ್ತಿದ್ದ. ಕೆಲವೇ ವರ್ಷಗಳಲ್ಲಿ ಅವನ ಕನ್ನಡಕ್ಕೆ ಉಡುಪಿಯ ರಾಗ ಬಂತು. ಕೊರಗಪ್ಪನ ಮಗಳು ಯಕ್ಷಿತಾ ಗೋರೆಗಾಂವಿನಲ್ಲಿ ಹುಟ್ಟಿ ಬೆಳೆದವಳು. ಅವಳಿಗಿಂತ ಇವನ ಕನ್ನಡವೇ ಲಾಯಕ್ಕು ಎಂದು ಅಪ್ಪಿ, ಅಂದರೆ ಕೊರಗಪ್ಪನ ಹೆಂಡತಿ, ಮಗಳನ್ನು ಚುಚ್ಚುತ್ತಿದ್ದಳು.

ತೊಂದರೆ ಶುರುವಾದದ್ದು ಒಂದು ಸಿಮ್ ಕಾರ್ಡಿನಿಂದ. ಆಧಾರ್ ಇಲ್ಲದೆ ಸಿಮ್ ಇಲ್ಲ, ಬ್ಯಾಂಕ್ ಖಾತೆ ಇಲ್ಲ, ಬಾಡಿಗೆಗೆ ಕೋಣೆ ಇಲ್ಲ. ನೇಪಾಳದವರು ತಮ್ಮ ದೇಶದ ನಾಗರಿಕತೆಯ ಪತ್ರ ತೋರಿಸಿದರೆ ಅವರ ಹೆಸರಿನಲ್ಲೇ ಇಲ್ಲಿ ಕಾರ್ಡ್ ಸಿಗುತ್ತದೆ. ಆದರೆ ನರ ಬಹಾದುರ್ ಆ ಪತ್ರ ಮಾಡಿಸುವ ವಯಸ್ಸಿಗೆ ಮೊದಲೇ ಮನೆ ಬಿಟ್ಟವನು. ಊರಿಗೆ ಹೋಗಿ ಮಾಡಿಸಿಕೊಂಡು ಬರುತ್ತೇನೆ ಎಂದು ರಜೆ ಕೇಳಿದ. ಕೊರಗಪ್ಪ ಕಾವಲಿಯ ಕಡೆ ನೋಡಿದ. ಹೋದವನು ಅಲ್ಲೇ ಉಳಿದರೆ ಕಾವಲಿಗೆ ಯಾರು?

"ಅಷ್ಟು ದೂರ ಯಾಕೆ ಮಾರಾಯ? ಇಲ್ಲೇ ಮಾಡಿಸುವ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಎಂದು ಈಗಲೂ ನಂಬಿದ್ದಾನೆ. ರಜೆ ಕೊಡದ ಒಳ್ಳೆಯತನ ಎಂಥದ್ದು ಎಂದು ನಾನಂತೂ ಕೇಳುವುದಿಲ್ಲ, ಕೇಳಿದರೆ ಕತೆ ಇಲ್ಲೇ ಮುಗಿಯುತ್ತದೆ.

ಕಾಗದಪತ್ರ ಮಾಡಿಸಿಕೊಡುವ ಬಂಡೆಪ್ಪ ವಿಜಯಪುರದವನು. ಸರ್ಕಾರಿ ಕಚೇರಿಗಳ ಮೆಟ್ಟಿಲ ಮೇಲೇ ಅವನ ಜೀವನ. ಮೊದಲು ಕೊರಗಪ್ಪನ ರೇಶನ್ ಕಾರ್ಡಿಗೆ ಸುಕೇಶ್ ಪೂಜಾರಿ ಎಂದು ಹೆಸರು ಸೇರಿಸಬೇಕು, ಆಮೇಲೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ ಎಂದ. "ನಿಮಗ ಏನಾಗಬೇಕು ಅಂತ ಬರೀಲಿ ಅಣ್ಣಾರ?"

"ಅಳಿಯ ಅಂತ ಬರಿ" ಎಂದ ಕೊರಗಪ್ಪ.

ತುಳುನಾಡಿನವನ ಬಾಯಲ್ಲಿ ಅಳಿಯ ಎಂದರೆ ಮೊದಲು ಅಕ್ಕತಂಗಿಯ ಮಗ. ಮನೆ, ಆಸ್ತಿ, ದೈವದ ಚಾಕರಿ ಎಲ್ಲವೂ ಅವನಿಗೇ ಸಲ್ಲುತ್ತಿದ್ದ ಕಟ್ಟಳೆಯ ಜನ ಅವರು. ಕೊರಗಪ್ಪನಿಗೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ ಎಂಬುದು ಬೇರೆ ಮಾತು. ಆದರೆ ಬಂಡೆಪ್ಪ ಆಗಷ್ಟೇ ತನ್ನ ಮಗಳ ಮದುವೆ ಮಾಡಿದ್ದವನು. ಅವನ ತಲೆಯಲ್ಲಿ ಅಳಿಯ ಎಂದರೆ ಒಬ್ಬನೇ. ಮರಾಠಿಯಲ್ಲಿ ಅರ್ಜಿ ತುಂಬಿ 'ಜಾವಯಿ' ಎಂದು ಬರೆದ. ಮಗಳ ಗಂಡ.

ಕಾರ್ಡ್ ಕೈಗೆ ಬಂದಾಗ ಅಪ್ಪಿಯೇ ಅದನ್ನು ಓದಿದ್ದು. "ಅಲ್ಲ ಮಾರಾಯ್ರೇ, ನಮ್ಮ ಯಕ್ಷಿತಾಗೆ ಮದುವೆ ಆಯ್ತಲ್ಲ, ನನಗೊಂದು ಲಾಡು ಕೂಡ ಇಲ್ವಾ?" ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ತಿದ್ದಿಸಲು ಹೋದರೆ ನೂರು ಪ್ರಶ್ನೆ ಏಳುತ್ತವೆ ಎಂದು ಕೊರಗಪ್ಪ ಹಾಗೇ ಬಿಟ್ಟ. ಕಾಗದದಲ್ಲಿ ತಾನೇ.

ಸುಕೇಶ್ ಪೂಜಾರಿ ಎಂಬ ಹೆಸರಿನ ಆಧಾರ್ ನರ ಬಹಾದುರನಿಗೆ ಈ ಊರಿನ ಬಾಗಿಲುಗಳನ್ನೆಲ್ಲ ತೆರೆಯಿತು. ಸಿಮ್ ಬಂತು, ಖಾತೆ ಬಂತು, ಗೋರೆಗಾಂವಿನ ಚಾಳಿನಲ್ಲಿ ಕೋಣೆ ಸಿಕ್ಕಿತು. ಸ್ಟೇಷನ್ನಿನಲ್ಲಿ ಪೊಲೀಸರು ಮುಖ ನೋಡಿ "ಕಹಾಂ ಕಾ ಹೈ?" ಎಂದು ತಡೆದರೆ ಕಾರ್ಡ್ ಮುಂದೆ ಹಿಡಿದು "ಉಡುಪಿ ಕಾ" ಎನ್ನುತ್ತಿದ್ದ. ಅವರು ಕಾರ್ಡನ್ನೂ ಮುಖವನ್ನೂ ಎರಡೆರಡು ಸಲ ನೋಡಿ ಬಿಟ್ಟುಬಿಡುತ್ತಿದ್ದರು. ಈ ಊರಿನಲ್ಲಿ ಮುಖಕ್ಕಿಂತ ಕಾರ್ಡಿನ ಮಾತು ದೊಡ್ಡದು.

ಅವನ ಕಾಲು ಊದತೊಡಗಿದಾಗಲೂ ಕಾಗದವೇ ಕೈ ಹಿಡಿಯಿತು. ಎರಡೂ ಕಿಡ್ನಿ ಹೋಗಿವೆ ಎಂದರು ಪರೇಲಿನ ಆಸ್ಪತ್ರೆಯವರು. ರೇಶನ್ ಕಾರ್ಡಿನಲ್ಲಿ ಹೆಸರಿದ್ದದ್ದರಿಂದ ಸರ್ಕಾರದ ಯೋಜನೆಯಲ್ಲಿ ಪುಕ್ಕಟೆ ಡಯಾಲಿಸಿಸ್ ಸಿಕ್ಕಿತು. ಕೊರಗಪ್ಪ ಎದೆಯುಬ್ಬಿಸಿ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎಲ್ಲರಿಗೂ ಹೇಳಿಕೊಂಡ: "ನಾನು ಅವತ್ತು ಮಾಡಿಸದಿದ್ರೆ ಇವತ್ತು ಇವನ ಗತಿ ಎಂತ?"

ಮಗನಿಗೆ ತನ್ನ ಕಿಡ್ನಿ ಕೊಡುತ್ತೇನೆಂದು ತಾಯಿ ಧೌಲಿ ಅಛಾಮಿನಿಂದ ಹೊರಟು ಬಂದಳು. ಒಣಗಿದ ಕಟ್ಟಿಗೆಯಂಥ ಹೆಂಗಸು, ಆದರೆ ಕಿಡ್ನಿ ಗಟ್ಟಿಯಿತ್ತು. ಎಲ್ಲ ಪರೀಕ್ಷೆಗಳೂ ಹೊಂದಿದವು. ಆಗ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಶುಭಾಂಗಿ ಕೊರಗಪ್ಪನನ್ನು ತನ್ನ ಕೋಣೆಗೆ ಕರೆಸಿದಳು.

"ಪೂಜಾರಿಯವರ, ನಾ ಬೆಳಗಾವಿಯಾಕಿ. ಕನ್ನಡದಾಗ ಕೇಳತೀನಿ, ಕನ್ನಡದಾಗ ಖರೇ ಹೇಳ್ರಿ. ಈ ಪೇಶಂಟ ನಿಮಗ ಏನಾಗಬೇಕು?"

"ಅಳಿಯ."

"ಹೌದು, ರೇಶನ್ ಕಾರ್ಡಿನ್ಯಾಗೂ ಹಂಗ ಐತಿ. ಹಂಗಾರ ನಿಮ್ಮ ಮಗಳು ಎಲ್ಲೆ? ಗಂಡ ಇಲ್ಲೆ ಸಾಯಾಕ ಹತ್ತ್ಯಾನ, ಹೆಂಡತಿ ಒಮ್ಮೆನೂ ಹಣಿಕಿ ಹಾಕಿಲ್ಲ."

"ಮಗಳ ಗಂಡ ಅಲ್ಲ ಮೇಡಂ. ಅಕ್ಕನ ಮಗ. ನಮ್ಮಲ್ಲಿ ಅಳಿಯ ಅಂದ್ರೆ ಅದೇ."

ಶುಭಾಂಗಿ ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದ ಧೌಲಿಯ ಕಡೆ ಕೈ ತೋರಿಸಿದಳು. "ಹಂಗಾರ ಅಕಿ ನಿಮ್ಮ ಅಕ್ಕ ಏನ್ರಿ?"

ಕೊರಗಪ್ಪ ಎದ್ದು ಬಾಗಿಲು ಮುಂದೆ ಮಾಡಿದ.

ಅವಳು ದನಿ ತಗ್ಗಿಸಿ ಬಿಡಿಸಿ ಹೇಳಿದಳು. ಪರದೇಶದ ಹೆಂಗಸಿನ ಕಿಡ್ನಿ ಈ ದೇಶದವನಿಗೆ ಹಾಕಬೇಕಾದರೆ ಅವರು ಹತ್ತಿರದ ಸಂಬಂಧಿಗಳೆಂದು ಕಿಡ್ನಿ ಕಸಿಗೆ ಒಪ್ಪಿಗೆ ಕೊಡುವ ಸಮಿತಿಗೆ ಖಾತ್ರಿಯಾಗಬೇಕು. ಬಡವರನ್ನು ಕರೆತಂದು ಕಿಡ್ನಿ ಮಾರಿಸುವ ದಂಧೆ ಇರುವುದರಿಂದ ಸಮಿತಿಯವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತಾರೆ. "ರಕ್ತದಾಗ ತಾಯಿ ಮಗ ಅಂತ ಬಂದೈತ್ರಿ. ಕಾರ್ಡಿನ್ಯಾಗ ಇಂವ ಉಡುಪಿಯ ಪೂಜಾರಿ, ನಿಮ್ಮನಿ ಅಳಿಯ. ಎರಡೂ ಹೊಂದಲಿಲ್ಲಂದ್ರ ಸಮಿತಿಯವರು ಒಪ್ಪೂದಿಲ್ಲ. ಅಂವಾ ತನ್ನ ಹೆಸರು ನರ ಬಹಾದುರ ಅಂತ ಹೇಳ್ಯಾನ. ಆದರ ಬದುಕಬೇಕಾದಾಂವ ಏನರೆ ಹೇಳ್ತಾನ ಅಂತಾರ ಸಮಿತಿಯವರು. ಕಾರ್ಡ್ ಮಾಡಿಸಿದವರು ನೀವು. ಅದು ಸುಳ್ಳು ಅಂತ ನೀವು ಬರದು ಕೊಟ್ಟರ ಮುಂದಿನ ದಾರಿ ನಾ ನೋಡತೀನಿ."

"ಬರೆದು ಕೊಟ್ರೆ ನನ್ನ ಗತಿ?"

"ಕೇಸ್ ಆಗಬಹುದು. ಸುಳ್ಳು ಹೇಳಂಗಿಲ್ಲ ನಾ."

"ಮಗಳ ಮದುವೆ ಗೊತ್ತಾಗಿದೆ ಮೇಡಂ. ಅದೊಂದು ಆಗ್ಲಿ."

"ಕಿಡ್ನಿಗೆ ಮುಹೂರ್ತ ತಿಳಿಯೂದಿಲ್ರಿ" ಎಂದಳು ಶುಭಾಂಗಿ.

ಮನೆಯಲ್ಲಿ ವಿಷಯ ಹೇಳಿದಾಗ ಅಪ್ಪಿ ಅಳಲು ಶುರು ಮಾಡಿದಳು. ಅತ್ತದ್ದು ಯಾರಿಗಾಗಿ ಎಂದು ಅವಳಿಗೂ ಗೊತ್ತಿರಲಿಕ್ಕಿಲ್ಲ. ಪ್ರೀತಮ್ ಎಂಬವನ ಜೊತೆ ಮದುವೆ ಗೊತ್ತಾಗಿದ್ದ ಯಕ್ಷಿತಾ ಮಾತ್ರ ಸುಮ್ಮನಿರಲಿಲ್ಲ. "ಪಪ್ಪಾ, ಬರೆದು ಕೊಡಿ ನಾ. ಪ್ರೀತಮ್‌ಗೆ ನಾನು ಆಲ್ರೆಡಿ ಹೇಳಿದೆ. ಅವನು ನಕ್ಕ. ಅವನಿಗೆ ಕುಛ್ ಪ್ರಾಬ್ಲಮ್ ನಹೀಂ. ಸುಕೇಶ್ ಭಯ್ಯಾ ಮರ್ ಜಾಯೇಗಾ, ಪಪ್ಪಾ."

"ನಿನಗೆ ಗೊತ್ತಾಗುದಿಲ್ಲ. ಪ್ರೀತಮನ ಮನೆಯವರು ನಗುದಿಲ್ಲ."

ಪ್ರೀತಮನ ಮನೆಯವರನ್ನು ಅವನು ಕೇಳಿರಲೂ ಇಲ್ಲ. ಅವನಿಗಿದ್ದದ್ದು ಪೊಲೀಸ್ ಸ್ಟೇಷನ್ನಿನ ಹೆದರಿಕೆ, ಬೀಗ ಬಿದ್ದ ಹೋಟೆಲಿನ ಹೆದರಿಕೆ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಮಗಳ ಮದುವೆ ಎಂದರೆ ಮರ್ಯಾದೆಯ ಮಾತಾಗುತ್ತದೆ, ಯಾರೂ ಎದುರು ಮಾತಾಡುವುದಿಲ್ಲ.

ಮರುದಿನ ಬಂಡೆಪ್ಪನನ್ನು ಹುಡುಕಿಕೊಂಡು ಹೋದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ದಾರಿ ಬೇಕಿತ್ತು ಅವನಿಗೆ. ಬಂಡೆಪ್ಪ ಎಲೆಯಡಿಕೆ ಜಗಿಯುತ್ತ ಯೋಚಿಸಿದ. "ನೀವ್ಯಾಕ ಬರದು ಕೊಟ್ಟು ಹಗ್ಗ ಕೊಟ್ಟು ಕಟ್ಟಿಸಿಕೋತೀರಿ ಅಣ್ಣಾರ? ರೇಶನ್ ಕಾರ್ಡಿನ್ಯಾಗಿಂದ ಅವನ ಹೆಸರು ತಗಸಿ ಒಗದ್ರ ಆತು. ನಾಳೆ ಯಾರರೆ ಕೇಳಿದ್ರ ಅಳಿಯಾನೂ ಇಲ್ಲ, ಗಿಳಿಯಾನೂ ಇಲ್ಲ."

ಹೆಸರು ತೆಗೆಸಲು ಒಂದು ಅರ್ಜಿ, ಒಂದು ಸಹಿ ಸಾಕಾಯಿತು. ಸೇರಿಸುವುದಕ್ಕಿಂತ ಎಷ್ಟೋ ಸುಲಭ. ಮಗಳ ಬದುಕು ಚೊಕ್ಕಟವಾಯಿತು ಎಂದುಕೊಂಡು ಕೊರಗಪ್ಪ ಹಗುರಾದ. ಅಲ್ಲಿಂದ ನೇರವಾಗಿ ಪರೇಲಿಗೆ ಹೋಗಿ ನರ ಬಹಾದುರನ ಮಂಚದ ಪಕ್ಕ ಕೂತ.

ಮಗನ ಕಾಲು ಒತ್ತುತ್ತಿದ್ದ ಧೌಲಿ ಎದ್ದು ಅವನಿಗೆ ಜಾಗ ಬಿಟ್ಟಳು. ನರ ಬಹಾದುರನ ಮುಖ ಊದಿ ಕಣ್ಣು ಸಣ್ಣದಾಗಿತ್ತು.

"ಅಣ್ಣ, ಮೇಡಂ ಹೇಳಿದ್ರು. ನೀವು ಬರೆದು ಕೊಟ್ರೆ ಆಗ್ತದಂತೆ."

"ಬರೀತೇನೆ ಮಾರಾಯ. ಮದುವೆ ಮುಗಿದ ಮರುದಿನವೇ ನಾನೇ ಬಂದು ಬರೀತೇನೆ. ನಮ್ಮ ದೈವದಾಣೆ."

"ಅಷ್ಟು ದಿನ ಆಗ್ತದಾ ಅಣ್ಣ ನನ್ನಿಂದ?"

"ಡಯಾಲಿಸಿಸ್ ಉಂಟಲ್ಲ. ಎಂತ ಆಗುದಿಲ್ಲ."

ನರ ಬಹಾದುರ್ ನಂಬಿದ. ಅಣ್ಣ ಗಿರಾಕಿಗಳ ಹತ್ತಿರ, ಮುನಿಸಿಪಾಲ್ಟಿಯವರ ಹತ್ತಿರ ಸುಳ್ಳು ಹೇಳುವುದನ್ನು ಅವನು ದಿನಾ ಕೇಳಿದ್ದ. ದೈವದ ಹೆಸರೆತ್ತಿ ಹೇಳಿದ್ದನ್ನು ಕೇಳಿರಲಿಲ್ಲ. ತಾಯಿಗೆ ತನ್ನ ಭಾಷೆಯಲ್ಲಿ ಏನೋ ಹೇಳಿದ. ಅವಳು ಕೊರಗಪ್ಪನಿಗೆ ಎರಡೂ ಕೈ ಮುಗಿದಳು.

ಪುಕ್ಕಟೆ ಡಯಾಲಿಸಿಸ್ ನಿಂತಿದ್ದದ್ದು ಆ ರೇಶನ್ ಕಾರ್ಡಿನ ಮೇಲೆ. ಹೆಸರು ತೆಗೆಸಿದರೆ ಅದೂ ಹೋಗುತ್ತದೆ ಎಂದು ತನಗೆ ಗೊತ್ತಿರಲಿಲ್ಲ ಎಂದು ಕೊರಗಪ್ಪ ಆಮೇಲೆ ಹೇಳಿದ. ಇರಲಿಕ್ಕಿಲ್ಲ. ಆದರೆ ಕೇಳಿ ತಿಳಿದುಕೊಳ್ಳಲು ಒಂದು ಫೋನು ಸಾಕಿತ್ತು, ಮತ್ತು ಅವನು ಫೋನು ಮಾಡಲಿಲ್ಲ. ಮದುವೆಯ ವಾರದಲ್ಲಿ ಆಸ್ಪತ್ರೆಯ ಕಂಪ್ಯೂಟರು ಸುಕೇಶ್ ಪೂಜಾರಿ ಎಂಬ ಹೆಸರು ಯೋಜನೆಯಲ್ಲಿ ಇಲ್ಲ ಎಂದು ತೋರಿಸಿತು. ಶುಭಾಂಗಿ ನಿಂತುಹೋದ ಡಯಾಲಿಸಿಸಿಗೆ ಹಣ ಹುಡುಕುತ್ತ ಟ್ರಸ್ಟಿನಿಂದ ಟ್ರಸ್ಟಿಗೆ ಓಡಾಡಿದಳು. ಎಲ್ಲರೂ ಕೇಳಿದ್ದು ಒಂದೇ, ರೋಗಿ ಯಾರು, ಕಾಗದ ಎಲ್ಲಿ. ಕೊರಗಪ್ಪನಿಗೆ ಮತ್ತೆ ಮತ್ತೆ ಫೋನು ಮಾಡಿದಳು. ಗೋರೆಗಾಂವಿನ ಮದುವೆ ಹಾಲ್‌ನಲ್ಲಿ ವಾಲಗದ ಸದ್ದು ಜೋರಾಗಿತ್ತು. ಫೋನು ಅಪ್ಪಿಯ ಬ್ಯಾಗಿನಲ್ಲಿತ್ತು.

ಮದುವೆಯ ಮರುದಿನ ಬೆಳಿಗ್ಗೆ ಕೊರಗಪ್ಪ ಸ್ನಾನ ಮಾಡಿ, ಗಂಧ ಹಚ್ಚಿ, ಬರೆದು ಕೊಡಲೆಂದೇ ಹೊರಟ. ಅಷ್ಟರ ಮಟ್ಟಿಗೆ ಆಣೆಗೆ ತಪ್ಪಲಿಲ್ಲ. ಲೋಕಲ್ ದಾದರ್ ದಾಟುವಾಗ ಶುಭಾಂಗಿಯ ಫೋನು ಬಂತು. ಎದೆಯಲ್ಲಿ ನೀರು ತುಂಬಿ ನರ ಬಹಾದುರ್ ನಸುಕಿನಲ್ಲೇ ಹೋಗಿದ್ದ. ಕೊರಗಪ್ಪ ಪರೇಲಿನಲ್ಲಿ ಇಳಿಯುವುದನ್ನು ಮರೆತು ಮುಂದೆ ಹೋಗಿ, ವಾಪಸು ಬರುವ ಗಾಡಿ ಹಿಡಿದು ಬಂದ.

ಶವಾಗಾರದ ಬಾಗಿಲಲ್ಲಿ ಒಬ್ಬ ಹವಾಲ್ದಾರ ಕುರ್ಚಿ ಹಾಕಿಕೊಂಡು ಕೂತಿದ್ದ. ಧೌಲಿ ಗೋಡೆಗೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಹೆಣದ ಹೆಸರು ಸುಕೇಶ್ ಪೂಜಾರಿ, ಅವಳು ಹೇಳುವ ಮಗನ ಹೆಸರು ಬೇರೆ, ಒಳಗೆ ರಿಶ್ತೇದಾರರಿಗೆ, ಅಂದರೆ ಸಂಬಂಧಿಕರಿಗೆ ಮಾತ್ರ ಎಂದು ಅವಳನ್ನು ಬಿಟ್ಟಿರಲಿಲ್ಲ.

ಶುಭಾಂಗಿ ಕೊರಗಪ್ಪನ ಮುಖ ನೋಡಲಿಲ್ಲ. "ಆ ತಾಯಿಗೆ ಮಗನ ಹೆಣಾನರೆ ಸಿಗಲಿ. ಆಧಾರಿನ್ಯಾಗ ನಿಮ್ಮ ಹೆಸರು, ನಿಮ್ಮ ಮನಿ ಐತಿ. ನಿಮಗ ಅಂವಾ ಏನೂ ಆಗಬೇಕಿಲ್ಲ ಅಂತ ನೀವು ಬರದರ ಅಕಿಗೆ ಕೊಡತಾರ. ಇಲ್ಲಂದ್ರ ನಿಮಗ ಕೊಡತಾರ. ಈಗರೆ ಖರೇ ಹೇಳ್ರಿ."

ಹವಾಲ್ದಾರ ಪೆನ್ನು ಬಿಚ್ಚಿದ. "ಬೋಲೋ ಸೇಟ್. ಯೇ ಆಪ್ಕಾ ಕೌನ್ ಲಗ್ತಾ ಹೈ?"

ಇಷ್ಟು ವರ್ಷ ಕೊರಗಪ್ಪ ಅವನ ಕೈಯ ದೋಸೆಯಿಂದಲೇ ಹೋಟೆಲು ನಡೆಸಿದ್ದ. ಹಬ್ಬದ ದಿನ ಅವನಿಗೂ ಒಂದು ಎಲೆ ಹಾಕಿಸಿದ್ದ. ತನ್ನ ಮಾತಿಗೆ ಕಾದು ಕಾದು ಸತ್ತವನು ಅವನು. ಅಳಿಯ ಎಂಬ ಮಾತು ನಾಲಿಗೆಯ ತುದಿಗೇ ಬಂತು.

"ಕುಛ್ ನಹೀಂ" ಎಂದ. "ಯೇ ಮೇರಾ ಕುಛ್ ನಹೀಂ ಲಗ್ತಾ."

ಅಷ್ಟು ಹಿಂದಿ ಧೌಲಿಗೆ ತಿಳಿಯುತ್ತಿತ್ತು. ಒಮ್ಮೆ ಅವನ ಕಡೆ ತಿರುಗಿ ನೋಡಿದಳು. ಕೊರಗಪ್ಪ ಸಹಿ ಮಾಡಿದ, ಅವಳು ಹೆಬ್ಬೆಟ್ಟು ಒತ್ತಿದಳು. ಹವಾಲ್ದಾರ ಕಾಗದ ಮಡಚಿ ಬಾಗಿಲು ತೆಗೆಸಿದ. ಧೌಲಿ ಒಳಗೆ ಹೋದಳು, ಅವಳ ಹಿಂದೆ ಶುಭಾಂಗಿ ಹೋದಳು.

ಕೊರಗಪ್ಪನೂ ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಮುಂದಿಟ್ಟ. ಹವಾಲ್ದಾರ ಕೈ ಅಡ್ಡ ಹಿಡಿದ.

"ಒಂದ್ಸಲ ಮುಖ ನೋಡಿ ಬರ್ತೇನೆ" ಎಂದು ಕನ್ನಡದಲ್ಲೇ ಹೇಳಿಬಿಟ್ಟ ಕೊರಗಪ್ಪ.

ಹವಾಲ್ದಾರನಿಗೆ ಭಾಷೆ ತಿಳಿಯದಿದ್ದರೂ ಕೇಳಿದ್ದು ಏನೆಂದು ತಿಳಿಯಿತು. ಗದರಿಸಲಿಲ್ಲ. "ಆಪ್ ಬಾಹರ್ ಬೈಠೋ, ಸೇಟ್" ಎಂದ. "ಅಂದರ್ ಸಿರ್ಫ್ ರಿಶ್ತೇದಾರ್."