ಹೊಲಿಗೆ ಕೋಣೆಯ ದೀಪ

ಮೂವತ್ತೊಂದು ವರ್ಷ ಮನೆ ಮನೆ ತಿರುಗಿ ಕರೆಂಟ್ ಮೀಟರ್ ಓದಿದವನು ನಾನು. ಯಾರ ಮನೆಯಲ್ಲಿ ಹಗಲು ಹೊತ್ತೇ ಬಚ್ಚಲ ದೀಪ ಉರಿಯುತ್ತದೆ, ಯಾರ ಫ್ಯಾನು ಖಾಲಿ ಮಂಚಕ್ಕೆ ಗಾಳಿ ಹಾಕುತ್ತದೆ, ಎಲ್ಲ ನನಗೆ ಗೊತ್ತಿರುತ್ತಿತ್ತು. ಅಂಥವನ ಮನೆಯಲ್ಲಿ ಒಂದು ದೀಪ ದಂಡಕ್ಕೆ ಉರಿಯಬಹುದೇ? "ಯಾರೂ ಇಲ್ಲದ ರೂಮಿಗೆ ಲೈಟ್ ಯಾಕೆ?" ಅನ್ನುತ್ತಾ ನಾನು ಒಂದೊಂದೇ ಸ್ವಿಚ್ ಆರಿಸಿಕೊಂಡು ಬಂದರೆ, ಹೆಂಡತಿ ಮಗಳ ಕಡೆ ಕಣ್ಣು ಮಿಟುಕಿಸಿ, "ಬಂದ್ರಪ್ಪ ಮೀಟರ್ ಸಾಹೇಬ್ರು" ಎನ್ನುತ್ತಿದ್ದಳು.

ಬಾಡಿಗೆ ಮನೆಗಳಲ್ಲೇ ಕೂದಲು ನರೆತ ಮೇಲೆ ಕಟ್ಟಿಸಿದ ಮನೆ ಇದು. ಬಾಗಿಲು, ನೆಲ, ಗೋಡೆಯ ಬಣ್ಣ ಎಲ್ಲ ಹೆಂಡತಿಗೇ ಬಿಟ್ಟೆ. ದೀಪದ ವಿಷಯಕ್ಕೆ ಮಾತ್ರ ತಲೆ ಹಾಕಬೇಡ ಎಂದೆ. ಅಂಗಡಿಯಲ್ಲಿ ಎರಡು ಗಂಟೆ ನಿಂತು, ಡಬ್ಬಿಗಳ ಮೇಲಿನ ಸಣ್ಣ ಅಕ್ಷರವನ್ನೆಲ್ಲ ಓದಿ, ಅಂಗಡಿಯವನ ತಲೆ ತಿಂದು ಆರಿಸಿದೆ. ಹಜಾರಕ್ಕೆ ಹನ್ನೆರಡು ವ್ಯಾಟಿನ ಎಲ್‌ಇಡಿ. ಮಲಗುವ ಕೋಣೆಗೆ ಏಳು ವ್ಯಾಟಿನ ಹಳದಿ ಬೆಳಕು. ಅವಳ ಹೊಲಿಗೆ ಕೋಣೆಯ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆದುಕೊಳ್ಳುವುದರಿಂದ ಅಲ್ಲಿ ಹಗಲಲ್ಲೂ ಮಬ್ಬು. ದಾರದ ಬಣ್ಣ ಸರಿಯಾಗಿ ಕಾಣಲೆಂದು ಅಲ್ಲಿಗೆ ಒಂಬತ್ತು ವ್ಯಾಟಿನ ಬಿಳಿ ದೀಪ ತೆಗೆದುಕೊಂಡೆ. ಅಷ್ಟಕ್ಕೇ ಮನೆಗೆ ಬಂದಿದ್ದರೆ ಚೆನ್ನಾಗಿತ್ತು.

ಆಗ ಅಂಗಡಿಯವನು ಸೆನ್ಸರ್ ತೋರಿಸಿದ. ಮನುಷ್ಯ ಅಲುಗಾಡಿದರೆ ದೀಪ ಹತ್ತುತ್ತದೆ. ಐದು ನಿಮಿಷ ಏನೂ ಅಲುಗಾಡದಿದ್ದರೆ ಕೋಣೆ ಖಾಲಿ ಎಂದುಕೊಂಡು ತಾನೇ ಆರುತ್ತದೆ. ನನಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಹಳೇ ಮನೆಯಲ್ಲೂ ಹೊಲಿಗೆ ಮುಗಿಸಿ ದೀಪ ಆರಿಸದೆ ಎದ್ದು ಹೋಗುವುದರಲ್ಲಿ ಅವಳದು ಎತ್ತಿದ ಕೈ.

"ರೀ, ನನಗೆ ಬಾಗಿಲ ಪಕ್ಕ ಒಂದು ಮಾಮೂಲಿ ಸ್ವಿಚ್ ಹಾಕ್ಸಿ, ಸಾಕು" ಎಂದಳು, ಅದನ್ನು ಮನೆಗೆ ತಂದು ತೋರಿಸಿದಾಗ. "ಕೈಹೊಲಿಗೆ ಹಾಕೋವಾಗ ನಾನು ಗೊಂಬೆ ಥರ ಕೂತಿರ್ತೀನಿ. ಅದು ನನ್ನನ್ನ ಇಲ್ಲ ಅಂದ್ಕೊಂಡುಬಿಡುತ್ತೆ."

"ನೀನು ಸ್ವಿಚ್ ಆರಿಸೋ ಚಂದ ನನಗೆ ಗೊತ್ತಿಲ್ವಾ? ಆರಿದ್ರೆ ಒಂದ್ಸಲ ಕೈ ಬೀಸು, ಹತ್ತುತ್ತೆ."

ಪಟ್ಟು ನನ್ನದೇ ಗೆದ್ದಿತು. ಅವಳು ಹೇಳಿದ್ದೂ ಸುಳ್ಳಾಗಲಿಲ್ಲ. ದಿನಕ್ಕೆ ನಾಲ್ಕು ಸಲವಾದರೂ ದೀಪ ಅವಳ ತಲೆಯ ಮೇಲೆ ಪಟ್ಟೆಂದು ಆರುತ್ತಿತ್ತು. ಅವಳು ಕತ್ತರಿ ಹಿಡಿದ ಕೈಯನ್ನೇ ಮೇಲೆತ್ತಿ ಬೀಸಿ, "ಇದ್ದೀನಪ್ಪಾ, ಇಲ್ಲೇ ಇದ್ದೀನಿ!" ಎಂದು ಅದಕ್ಕೆ ಗದರುತ್ತಿದ್ದಳು. ಹಜಾರದಲ್ಲಿ ಕೂತ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಮನೆಗೆ ಬಂದು ಐದನೆಯ ತಿಂಗಳು. ಮಧ್ಯಾಹ್ನ ಕಳೆದು ಪೇಪರ್ ಓದುತ್ತಾ ಕೂತಿದ್ದೆ. ಹೊಲಿಗೆ ಕೋಣೆಯ ದೀಪ ಆರಿತು. ಅಭ್ಯಾಸಬಲದಿಂದ ಗಡಿಯಾರ ನೋಡಿದೆ: ನಾಲ್ಕೂ ಹತ್ತು. "ಇದ್ದೀನಪ್ಪಾ" ಬರುತ್ತದೆಂದು ಕಿವಿಗೊಟ್ಟೆ. ಬರಲಿಲ್ಲ. ಒಣಗಿದ ಬಟ್ಟೆ ತರಲು ಹಿತ್ತಿಲಿಗೆ ಹೋಗಿದ್ದಾಳೆ ಎಂದುಕೊಂಡೆ. ಹಳೇ ಮನೆಯಾಗಿದ್ದರೆ ಈ ದೀಪ ಈಗಲೂ ಸುಮ್ಮನೆ ಉರಿಯುತ್ತಿತ್ತು ಎಂದು ಒಳಗೊಳಗೇ ಬೀಗಿದೆ. ಹೌದು, ಬೀಗಿದೆ. ಆಮೇಲೆ ಪೇಪರಿನ ಪುಟ ತಿರುಗಿಸಿದೆ.

ಐದು ಗಂಟೆಗೆ ಟೀ ಕೇಳಲು ಎದ್ದು ಹಿತ್ತಿಲಿಗೆ ಹೋದೆ. ಹಗ್ಗದ ಮೇಲೆ ಬಟ್ಟೆ ಹಾಗೇ ಇದ್ದವು. ಓಡಿ ಬಂದು ಹೊಲಿಗೆ ಕೋಣೆಯೊಳಗೆ ಕಾಲಿಟ್ಟೆ. ನನ್ನನ್ನು ಕಂಡ ಕೂಡಲೇ ದೀಪ ಹತ್ತಿತು. ಅವಳು ಸ್ಟೂಲಿನಿಂದ ಜಾರಿ ಬಟ್ಟೆಯ ರಾಶಿಯ ಮೇಲೆ ಬಿದ್ದಿದ್ದಳು. ಅದಕ್ಕೇ ಸದ್ದು ಕೇಳಿರಲಿಲ್ಲ. ಉಸಿರಿತ್ತು. ಬಾಯಿ ಒಂದು ಕಡೆ ವಾಲಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ಹೊತ್ತಿಗೆ ಬಿದ್ರು? ಸರಿಯಾಗಿ ಜ್ಞಾಪಿಸ್ಕೊಂಡು ಹೇಳಿ. ಸ್ಟ್ರೋಕ್ ಆದಾಗ ಒಂದೊಂದು ನಿಮಿಷಾನೂ ಮುಖ್ಯ."

ಮೂವತ್ತೊಂದು ವರ್ಷ ಒಂದೂ ರೀಡಿಂಗ್ ತಪ್ಪು ಬರೆಯದವನು, "ಗೊತ್ತಿಲ್ಲ" ಎಂದೆ.

ಮೂರನೆಯ ದಿನ ಬೆಳಿಗ್ಗೆ, ಕಣ್ಣು ಬಿಡದೆಯೇ ಅವಳು ಹೋದಳು. ಮಗಳು ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಅವಳೂ ಕೇಳಿದಳು, "ಅಪ್ಪ, ನಿನಗೆ ಏನೂ ಗೊತ್ತಾಗ್ಲಿಲ್ವಾ?" ಇಲ್ಲಮ್ಮ ಎಂದೆ. "ನೀನೇನು ಮಾಡಕ್ಕಾಗ್ತಿತ್ತು ಬಿಡು" ಎಂದು ನನ್ನ ಬೆನ್ನು ಸವರಿದಳು. ಆ ಕೈ ಈಗಲೂ ಬೆನ್ನ ಮೇಲೆ ಭಾರವಾಗಿ ಕೂತಿದೆ.

ಮುಂದಿನ ವಾರ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ.

"ಸೆನ್ಸರ್ ಕೆಟ್ಟಿದೆಯಾ ಸರ್?"

"ಇಲ್ಲಪ್ಪ, ಸರಿಯಾಗೇ ಕೆಲಸ ಮಾಡುತ್ತೆ. ಕಿತ್ತಾಕು."

ಅವಳು ಕೇಳಿದ ಜಾಗದಲ್ಲೇ, ಬಾಗಿಲ ಪಕ್ಕ, ಮಾಮೂಲಿ ಸ್ವಿಚ್ ಹಾಕಿ ಹೋದ. ಅವತ್ತಿನಿಂದ ಆ ದೀಪ ಬೆಳಗಿನಿಂದ ನಾನು ಮಲಗುವ ತನಕ ಉರಿಯುತ್ತದೆ. ಅದರ ಕೆಳಗೆ ಮಷೀನು, ಸ್ಟೂಲು, ಅರ್ಧ ಅಂಚು ಹೊಲಿದ ಯಾರದೋ ಲಂಗ, ಎಲ್ಲ ಇದ್ದ ಹಾಗೇ ಇವೆ.

ಮೊನ್ನೆ ಮಗಳು ರಜೆಗೆ ಬಂದಳು. ಬ್ಯಾಗ್ ಇಟ್ಟವಳೇ ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತು, ನನ್ನನ್ನು ನಗಿಸಬೇಕೆಂದು ನನ್ನದೇ ದನಿ ಮಾಡಿ, "ಯಾರೂ ಇಲ್ಲದ ರೂಮಿಗೆ ಲೈಟ್ ಯಾಕೆ?" ಎಂದಳು. ಕೈ ಸ್ವಿಚ್ಚಿನ ಮೇಲಿತ್ತು.

"ಆರಿಸ್ಬೇಡಮ್ಮ" ಎಂದೆ. "ಅವತ್ತು ಲೈಟ್ ಆರಿದ್ದು ನಾಲ್ಕೂ ಹತ್ತಕ್ಕೆ. ನಾನು ನೋಡ್ದೆ. ಗಡಿಯಾರಾನೂ ನೋಡ್ದೆ. ಎದ್ದು ಹೋಗಿದ್ದು ಐದು ಗಂಟೆಗೆ."

ನರ್ಸಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. ಬೈಯಲಿ, ಕೂಗಾಡಲಿ, ಬ್ಯಾಗ್ ಎತ್ತಿಕೊಂಡು ಹೊರಟೇ ಹೋಗಲಿ ಎಂದು ಕಾದೆ. ಅವಳು ಕೈಯನ್ನು ಸ್ವಿಚ್ಚಿನಿಂದ ತೆಗೆದು, ಒಳಗೆ ಹೋಗಿ ಅಮ್ಮನ ಸ್ಟೂಲಿನ ಮೇಲೆ ನನಗೆ ಬೆನ್ನು ಹಾಕಿ ಕೂತಳು.

ಬಹಳ ಹೊತ್ತು ಅಲುಗಾಡದೆ ಕೂತೇ ಇದ್ದಳು. ದೀಪ ಉರಿಯುತ್ತಲೇ ಇತ್ತು.