ಮನೆಯ ಒಲೆಗೆ ಭಟ್ಟಿಯ ರೆಗ್ಯುಲೇಟರ್

ಖಾಸಬಾಗ ಓಣಿಯಲ್ಲಿ ಗೌರವ್ವನ ಜೋಳದ ರೊಟ್ಟಿ ಅಂದರೆ ಹೆಸರುವಾಸಿ. ಆದರೆ ತಿಂಗಳಿಂದ ಅವಳ ಗ್ಯಾಸ್ ಒಲೆ ಮುನಿಸಿಕೊಂಡಿತ್ತು. ಉರಿ ಸಣ್ಣದು, ರೊಟ್ಟಿ ನಿಧಾನ. ಅಷ್ಟರಲ್ಲಿ ಖಾನಾಪುರದ ಒಂದು ಕುಬಸಕ್ಕೆ, ಅಂದರೆ ಸೀಮಂತದ ಊಟಕ್ಕೆ, ಇನ್ನೂರು ರೊಟ್ಟಿ ಬೇಕೆಂದು ತಂಗಿಯ ಮಗಳು ಪೂರ್ಣಿಮಾ ಹೇಳಿದಳು. ಅವಳು ಖಾನಾಪುರದ ಗ್ಯಾಸ್ ಏಜೆನ್ಸಿಯಲ್ಲಿ ಒಲೆ ತಪಾಸಣೆಯ ಕೆಲಸದವಳು.

"ಮದುವಿ ಅಡಗಿ ದೊಡ್ಡ ಭಟ್ಟಿಗೆ ಹಚ್ಚೂ ರೆಗ್ಯುಲೇಟರ್ ತರ್ರಿ. ಉರಿ ಭರ್ರ ಅಂತ ಬರತೈತಿ," ಎಂದು ಗೌರವ್ವ ಗಂಡ ಗುರುಪುತ್ರಪ್ಪನನ್ನು ಓಡಿಸಿದಳು. ಅವನು ಮದುವೆ ಅಡುಗೆಯವರಲ್ಲಿ ಕೇಳಿ ತಂದ. ಜೋಡಿಸಿದ್ದೇ ತಡ, ಉರಿ ಹಂಚಿನ ಅಂಚು ದಾಟಿತು. ಗೌರವ್ವ ಹಿಗ್ಗಿಹೋದಳು.

ಒಂದು ಸರತಿ ಮುಗಿಸಿ, ಒಲೆ ಆರಿಸಿ, ಮತ್ತೆ ಹಿಟ್ಟು ನಾದಿಕೊಂಡಳು. ಮೊಮ್ಮಗಳು ಸಮೃದ್ಧಿ ಪಕ್ಕದಲ್ಲೇ ಕುಳಿತಿದ್ದಳು. ಗೌರವ್ವ ಲೈಟರ್ ಕೈಗೆತ್ತಿಕೊಂಡಳು. ರೊಟ್ಟಿ ಒಯ್ಯಲು ಬಂದ ಪೂರ್ಣಿಮಾ ಹೊಸ್ತಿಲಲ್ಲೇ ಕೂಗಿದಳು:

"ದೊಡ್ಡವ್ವಾ, ಒತ್ತಬ್ಯಾಡ! ಗ್ಯಾಸ್ ವಾಸನಿ ಐತಿ!"

ಓಡಿಬಂದು ರೆಗ್ಯುಲೇಟರ್ ಬಂದ್ ಮಾಡಿದಳು, ಕಿಟಕಿ ತೆರೆದಳು. ಫ್ಯಾನ್ ಹಾಕಲು ಹೋದ ಗುರುಪುತ್ರಪ್ಪನ ಕೈ ಹಿಡಿದಳು. "ದೊಡ್ಡಪ್ಪಾ, ಸ್ವಿಚ್ ಮುಟ್ಟಬ್ಯಾಡ್ರಿ, ಕಿಡಿ ಹಾರತೈತಿ. ಎಲ್ಲಾರೂ ಹೊರಗ ನಡೀರಿ!"

ವಾಸನೆ ಪೂರ್ತಿ ಹೋದ ಮೇಲೆ ನೋಡಿದರೆ, ಪೈಪು ಒಲೆಯ ಬುಡದಲ್ಲಿ ಸಡಿಲಾಗಿತ್ತು.

"ಸಿಲಿಂಡರದಾಗ ಗ್ಯಾಸ್ ಭಾಳ ಒತ್ತಡದಾಗ ಇರತೈತಿ," ಎಂದಳು ಪೂರ್ಣಿಮಾ. "ಮನಿ ಒಲಿ, ಮನಿ ಪೈಪು ಅಷ್ಟು ತಡಕೊಳ್ಳಾಂಗಿಲ್ಲ. ಒತ್ತಡ ಇಳಿಸಿ ಹದವಾಗಿ ಬಿಡೂದು ಲೋ-ಪ್ರೆಶರ್ ರೆಗ್ಯುಲೇಟರ್ ಕೆಲಸ. ಇದು ಹೈ-ಪ್ರೆಶರ್, ಭಟ್ಟಿಗಷ್ಟ ಸರಿ."

"ಆ ಹಳೇ ಲೋ-ಪ್ರೆಶರ್ ಹಚ್ಚಿದ್ರ ಇನ್ನೂರು ರೊಟ್ಟಿ ಯಾವಾಗ ಮುಗಿಬೇಕವ್ವ?" ಎಂದಳು ಗೌರವ್ವ.

ಪೂರ್ಣಿಮಾ ತಣ್ಣಗಾದ ಬರ್ನರ್ ಎತ್ತಿ ತೋರಿಸಿದಳು. ತೂತುಗಳ ತುಂಬ ಜೋಳದ ಹಿಟ್ಟು! "ನೋಡ ದೊಡ್ಡವ್ವಾ, ತಪ್ಪು ಹಳೇ ರೆಗ್ಯುಲೇಟರದ್ದಲ್ಲ, ನಿನ್ನ ಹಿಟ್ಟಿಂದು."

ಪಿನ್ನಿನಿಂದ ತೂತು ಬಿಡಿಸಿದಳು. ಗುರುಪುತ್ರಪ್ಪ ಹೊಸ ಪೈಪು ತಂದ. ಹಳೆಯ ರೆಗ್ಯುಲೇಟರ್ ಮತ್ತೆ ಬಂತು. ಪೈಪಿನ ಎರಡೂ ತುದಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳಲಿಲ್ಲವೆಂದು ನೋಡಿಕೊಂಡು ಹೊತ್ತಿಸಿದರು. ನೀಲಿ ಉರಿ ಎದ್ದಿತು, ರೊಟ್ಟಿ ಉಬ್ಬಿತು.

ಮೊದಲ ರೊಟ್ಟಿಗೆ ಬೆಣ್ಣೆ ಸವರಿ ಗೌರವ್ವ ಪೂರ್ಣಿಮಾಳ ಕೈಗಿಟ್ಟಳು. ಇನ್ನೊಂದು ಕೈ ಮೊಮ್ಮಗಳನ್ನು ಬಿಟ್ಟಿರಲಿಲ್ಲ. "ನೀ ಒಂದು ಚಣ ತಡ ಮಾಡಿದ್ರ ಈ ಕೂಸು ಇರತಿದ್ದಿಲ್ಲವ್ವ. ನಿನ್ನ ಉಪಕಾರ ಹೆಂಗ ತೀರಿಸಲಿ?" ಅವಳ ಕಣ್ಣು ತುಂಬಿತು.

"ಓಣ್ಯಾಗ ನಾಕು ಮಂದಿಗೆ ಹೇಳ, ಸಾಕು," ಎಂದಳು ಪೂರ್ಣಿಮಾ.

ತಾಯಂದಿರೇ, ಅಣ್ಣಂದಿರೇ, ಮನೆಯ ಒಲೆಗೆ ಲೋ-ಪ್ರೆಶರ್ ರೆಗ್ಯುಲೇಟರ್ ಮಾತ್ರ ಹಾಕಿ. ಉರಿ ಸಣ್ಣದಾದರೆ ಮೊದಲು ಬರ್ನರ್ ನೋಡಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಗ್ಯಾಸ್ ಬಂದ್ ಮಾಡಿ ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಫೋನ್ ಮಾಡಿ. ಗೌರವ್ವನ ಹೊಸ್ತಿಲಿಗೆ ಪೂರ್ಣಿಮಾ ಸಮಯಕ್ಕೆ ಬಂದಳು. ನೀವು ಯಾರಿಗಾಗಿಯೂ ಕಾಯಬೇಡಿ. ಇವತ್ತೇ ನಿಮ್ಮ ಒಲೆಯನ್ನೊಮ್ಮೆ ಬಗ್ಗಿ ನೋಡಿ.